ಫ್ರೆಂಚ್ ಕ್ರಾಂತಿಯ ಪಾಠಕ್ಕೆ ಪಾದ್ರಿಗಳ ನಕ್ಷೆ: ನನ್ನ ಅನುಭವ

ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಆಮೇಲೆ ನೋಡೋಣ, ಮೊದಲು ಯಾವ ಕಡೆ ಪಾದ್ರಿಗಳು ಸರ್ಕಾರಕ್ಕೆ ನಿಷ್ಠೆಯ ಆಣೆ ಮಾಡಿದರು ಎಂಬ ನಕ್ಷೆ ಹಾಕೋಣ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. 'ಇದು ಪರೀಕ್ಷೆಗೆ ಬರಲ್ಲ ಮೇಡಂ' ಅಂದರು. ಈಗ ಅವರೇ ನಕ್ಷೆ ಕೇಳಿಕೊಂಡು ಬರುತ್ತಾರೆ.

ಕ್ರಾಂತಿಗೂ ಚರ್ಚಿಗೂ ಯಾಕೆ ಜಗಳ ಎಂಬ ಪಾಠಕ್ಕೆ ಮೊದಲೆಲ್ಲ ಇತಿಹಾಸಕಾರರ ಪಟ್ಟಿ ಕೊಡುತ್ತಿದ್ದೆ. ಬಿ.ಎ. ಮಕ್ಕಳು ಬರೆದುಕೊಂಡರು, ಮರೆತರು. ಚರ್ಚಾಕೂಟ ಮಾಡಿಸಿದರೆ ದೇವರು ಇದ್ದಾನೋ ಇಲ್ಲವೋ ಎಂಬ ಜಗಳವಾಯಿತು. ವಿದೇಶಿ ಪುಸ್ತಕಗಳಿಗೆ ಏಳೆಂಟು ಸಾವಿರ ಸುರಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಆರುನೂರು ಚಿಲ್ಲರೆಯ ಒಂದು ಫ್ಲೆಕ್ಸ್.

ಅದರಲ್ಲಿ ಫ್ರಾನ್ಸಿನ ಆಗಿನ 83 ಡಿಪಾರ್ಟ್‌ಮೆಂಟುಗಳ (ಅಂದರೆ ಜಿಲ್ಲೆಗಳ) ಗಡಿ ಮಾತ್ರ. 1790ರ ಜುಲೈ ಕಾನೂನಿನಿಂದ ಪಾದ್ರಿಗಳು ಜನ ಆರಿಸುವ, ಸರ್ಕಾರ ಸಂಬಳ ಕೊಡುವ ನೌಕರರಾದರು. ನವೆಂಬರಿನಲ್ಲಿ ಈ ವ್ಯವಸ್ಥೆಗೆ ನಿಷ್ಠೆಯ ಪ್ರಮಾಣ (ಆಣೆ) ಮಾಡಿ ಅಂದರು. ಊರ ಪಾದ್ರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮಾಡಿದರು, ಬಿಷಪ್ಪರಲ್ಲಿ ಬೆರಳೆಣಿಕೆಯಷ್ಟು. ಮಾಡಿದ ಕಡೆ ಹಸಿರು, ಒಲ್ಲೆ ಅಂದ ಕಡೆ ಕೆಂಪು. ಪ್ಯಾರಿಸ್ ಸುತ್ತ ಹಸಿರಾಯಿತು, ಪಶ್ಚಿಮ ಫ್ರಾನ್ಸಿನ ಬ್ರಿಟನಿ, ವಾಂದೇ ಕಡೆ ಕೆಂಪಾಯಿತು. ಆ ಮೇಲೆ 1793ರ ಮಾರ್ಚಿನಲ್ಲಿ ವಾಂದೇ ಜನ ಕ್ರಾಂತಿ ಸರ್ಕಾರದ ವಿರುದ್ಧ ಎದ್ದ ದಂಗೆಯ ಜಾಗ ಗುರುತು ಹಾಕಿಸಿದೆ.

ಆಗ ಶುರುವಾಯಿತು ನೋಡಿ! ದಂಗೆ ಎದ್ದದ್ದು 3 ಲಕ್ಷ ಜನರ ಸೇನಾ ಭರ್ತಿಗೆ ಅಲ್ವಾ, ಪಾದ್ರಿಗಳಿಗೇನು ಸಂಬಂಧ ಅಂತ ಒಬ್ಬಳು ಕೇಳಿದಳು. ಇನ್ನೊಬ್ಬ 19ನೇ ಶತಮಾನದ ಫ್ರೆಂಚ್ ಚಿಂತಕ ತೊಕ್ವಿಲ್‌ರನ್ನೇ ಹಿಡಿದ. ಜನಕ್ಕೆ ಸಿಟ್ಟಿದ್ದದ್ದು ನಂಬಿಕೆಯ ಮೇಲಲ್ಲ, ಜಮೀನ್ದಾರನಾಗಿ ದಶಾಂಶ (ಬೆಳೆಯಲ್ಲಿ ಚರ್ಚಿನ ಪಾಲು) ವಸೂಲಿ ಮಾಡುವ ಚರ್ಚಿನ ಮೇಲೆ ಅಂತಾರೆ ಅವರು. ಆದರೆ ದಶಾಂಶ ಹೋದದ್ದು, ಆಸ್ತಿ ಕೈಬಿಟ್ಟದ್ದು 1789ರಲ್ಲೇ. ಜಗಳ ಜೋರಾದದ್ದು ಆಮೇಲೆ, ಯಾಕೆ? ಈ ಪ್ರಶ್ನೆ ನನ್ನ ನೋಟ್ಸಿನಲ್ಲಿ ಇರಲೇ ಇಲ್ಲ. ಇಷ್ಟಾದ ಮೇಲೆ ಕ್ರಾಂತಿಯ ಇತಿಹಾಸಕಾರರಾದ ಒಲಾರ್, ಮತಿಯೆ ತಾವಾಗಿಯೇ ಒಳಗೆ ಬರುತ್ತಾರೆ. 1793ರ ನವೆಂಬರಿನಲ್ಲಿ ಪ್ಯಾರಿಸ್‌ನ ದೊಡ್ಡ ಚರ್ಚು ನೋತ್ರ್ ದಾಮ್‌ನಲ್ಲಿ ದೇವರ ಬದಲು ವಿವೇಕವನ್ನೇ ಪೂಜಿಸಿದ 'ವಿವೇಕದ ಹಬ್ಬ' ಯುದ್ಧಕಾಲದ ಉಪಾಯವೋ (ಒಲಾರ್), ಕ್ರಾಂತಿಗೇ ಹುಟ್ಟಿದ ಹೊಸ ಧರ್ಮವೋ (ಮತಿಯೆ)? ನನ್ನ ಮತ ಮತಿಯೆಗೆ, ಮಕ್ಕಳದ್ದು ಜಾಸ್ತಿ ಒಲಾರ್‌ಗೆ.

ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಕ್ರಾಂತಿಯ ಹೊಸ ಕ್ಯಾಲೆಂಡರಿನ ಹತ್ತು ದಿನದ ವಾರಕ್ಕೆ ಟೈಮ್‌ಟೇಬಲ್ ಹಾಕಿ ಅಂದೆ. ಭಾನುವಾರ ಹೋಯಿತು ಅಂತ ಇಡೀ ತರಗತಿ ವಾಂದೇ ಕಡೆಗೆ ಸೇರಿಬಿಟ್ಟಿತು.

ಎರಡು ಡಿಪಾರ್ಟ್‌ಮೆಂಟಿಗೆ ಕೊನೆಯವರೆಗೂ ಬಣ್ಣ ಹಚ್ಚಿಸಲ್ಲ. ಯಾವುವು ಅಂತ ಹೇಳಲ್ಲ, ಅದೇ ನನ್ನ ಗುಟ್ಟು. ಫ್ಲೆಕ್ಸ್ ಮಾತ್ರ ಮಡಚಬೇಡಿ, ಸುತ್ತಿಡಿ. ಮಡಿಕೆ ಬಿದ್ದರೆ ಮೊದಲು ಬ್ರಿಟನಿಯ ಬಣ್ಣವೇ ಕಿತ್ತು ಬರುತ್ತದೆ.