ಬಳಸಿದ ಚೂರಿಯನ್ನು ಆನ್‌ಲೈನ್‌ನಲ್ಲಿ ಮಾರುವಾಗ ಅದರ ಸ್ಥಿತಿಯನ್ನು ಬರೆಯುವ ಬಗೆ

ಬಳಸಿದ ಚೂರಿಯನ್ನು ಮಾರಾಟಕ್ಕೋ ವಿನಿಮಯಕ್ಕೋ ಇಡುವವರು ‘ಹೊಸದರಂತಿದೆ’ ಎಂದಷ್ಟೇ ಬರೆದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ. ಅದರಿಂದ ಏನನ್ನು ಹೆಚ್ಚಿದ್ದೀರಿ, ಹೇಗೆ ಸಾಣೆ ಹಿಡಿದಿದ್ದೀರಿ, ಎಲ್ಲಿ ಮುಕ್ಕಾಗಿದೆ ಎಂಬುದನ್ನು ತಿಳಿಸಬೇಕು. ಉದಾಹರಣೆಗೆ, ಫ್ರಾನ್ಸಿನಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಮಡಿಚುವ ಚೂರಿಗಳಲ್ಲಿ 8ನೆಯ ಸಂಖ್ಯೆಯ ಅಳತೆಯದನ್ನು ತೆಗೆದುಕೊಳ್ಳೋಣ.

ಇದು ಕಾರ್ಬನ್ ಉಕ್ಕಿನಲ್ಲೂ ಸ್ಟೇನ್‌ಲೆಸ್ ಉಕ್ಕಿನಲ್ಲೂ ಸಿಗುವುದರಿಂದ, ನಿಮ್ಮದು ಯಾವುದೆಂದು ಮೊದಲೇ ಹೇಳಿ. ಕಾರ್ಬನ್ ಅಲಗು ನಿಂಬೆಹಣ್ಣು, ಈರುಳ್ಳಿ ಹೆಚ್ಚಿದಂತೆಲ್ಲ ಬೂದು ಬಣ್ಣಕ್ಕೆ ತಿರುಗುವುದು ಸಹಜವೇ ಹೊರತು ದೋಷವಲ್ಲ. ಕೆಂಪು ತುಕ್ಕು ದೋಷ, ತುಕ್ಕನ್ನು ಉಜ್ಜಿದ ಮೇಲೂ ಉಗುರಿಗೆ ತಗಲುವ ಗುಳಿಗಳು ಉಳಿದಿದ್ದರೆ ಅದು ಇನ್ನೂ ದೊಡ್ಡ ದೋಷ. ಈ ಮೂರನ್ನೂ ‘ಸ್ವಲ್ಪ ಕಲೆಯಿದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು, ನನ್ನ ಪ್ರಕಾರ, ಅರ್ಧ ಸುಳ್ಳು.

ಎಲ್ಲಕ್ಕಿಂತ ಸುಲಭವಾಗಿ ಮರೆಯಾಗುವುದು ಸಾಣೆಗೆ ಸವೆದು ಹೋದ ಲೋಹ. ಹೊಸ ಅಲಗಿನ ಉದ್ದ ಸುಮಾರು 8.5 ಸೆಂ.ಮೀ.; ಮುರಿದ ಮೊನೆಯನ್ನು ಉಜ್ಜಿ ಮತ್ತೆ ಚೂಪು ಮಾಡಿದ್ದರೆ ಉಜ್ಜಿದಷ್ಟು ಉದ್ದ ತಗ್ಗಿರುತ್ತದೆ, ಆದರೆ ಹೋಲಿಸಿ ನೋಡಲು ಇನ್ನೊಂದು ಚೂರಿಯಿಲ್ಲದ ಕೊಳ್ಳುವವರಿಗೆ ಅದು ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ. ಆದ್ದರಿಂದ ಅಲಗಿನ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಕೈಯಲ್ಲಿ ಕಲ್ಲಿನ ಮೇಲೆ ಮಸೆದಿದ್ದೀರೋ, ಬೀದಿಗೆ ಬರುವ ಸಾಣೆಯವರ ಚಕ್ರಕ್ಕೆ ಕೊಟ್ಟಿದ್ದೀರೋ ಎಂಬುದನ್ನೂ ಬರೆಯಿರಿ, ಏಕೆಂದರೆ ಒಣ ಚಕ್ರದ ಬಿಸಿಗೆ ತೆಳುವಾದ ಬಾಯಿಯ (ಹರಿತವಾದ ಅಂಚಿನ) ಹದ ಕೆಟ್ಟು ಗಡಸುತನ ತಗ್ಗಬಹುದು. ಮನೆಯಲ್ಲಿ ಹಿರಿಯರು ಬಳಸಿದ್ದ ಚೂರಿಯಾಗಿದ್ದು ಅದರ ಹಿನ್ನೆಲೆ ನಿಮಗೇ ತಿಳಿಯದಿದ್ದರೆ, ‘ಗೊತ್ತಿಲ್ಲ’ ಎಂದು ಬರೆಯಲು ಸಂಕೋಚ ಬೇಡ.

ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಬಿಗಿಯುತ್ತದೆ. ಅದು ಮಳೆಗಾಲದಲ್ಲಿ ಮಾತ್ರವೋ ಸದಾ ಹಾಗೆಯೋ ಎಂಬುದನ್ನು ತಿಳಿಸಿ. ತೆರೆದ ಅಲಗು ಮಡಿಚಿಕೊಳ್ಳದಂತೆ ಹಿಡಿಯುವ ಬೀಗದ ಉಂಗುರವನ್ನು ತಿರುಗಿಸಿದ ಮೇಲೆ ಅಲಗು ಅಲುಗಾಡುತ್ತದೆಯೇ ಎಂದು ಪರೀಕ್ಷಿಸಿಯೇ ಬರೆಯಿರಿ.

ಫೋಟೋಗಳನ್ನು ಎಣ್ಣೆ ಸವರಿ ಹೊಳಪೇರಿಸದೆ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ: ಎರಡು ಬದಿ, ಬೆನ್ನು, ಹಿಡಿ, ಕೊನೆಗೆ ನೇರವಾಗಿ ಬಾಯಿಯ ಕಡೆಯಿಂದ ಒಂದು. ಮೊಂಡಾದ ಅಥವಾ ಮುಕ್ಕಾದ ಜಾಗ ಅಲ್ಲಿ ಬೆಳಕಿಗೆ ಮಿನುಗಿ ಕಾಣಿಸುತ್ತದೆ. ವಿನಿಮಯವಾದರೆ ಎದುರಿನವರಿಂದಲೂ ಇದೇ ಫೋಟೋಗಳನ್ನು ಕೇಳಿ, ಮತ್ತು ನೀವು ಬರೆಯಲು ಮರೆತ ದೋಷವೊಂದು ನೆನಪಾದರೆ ಪಾರ್ಸೆಲ್ ಕಳುಹಿಸುವ ಮೊದಲೇ ಅವರಿಗೆ ತಿಳಿಸಿ.