ಹಾಂಕ್ ಹೊಡೆದ ಮೇಲೆ ನನಗೆ ಬೇಕಿದ್ದದ್ದು

2018ರ ಡಿಸೆಂಬರ್‌ನಲ್ಲಿ ಎಲೀಟ್ ಡೇಂಜರಸ್ ಅನ್ನುವ ಬಾಹ್ಯಾಕಾಶದ ವಿಡಿಯೋ ಗೇಮ್‌ಗೆ, ಗ್ರಹ ಹುಡುಕುವ ರೀತಿಯನ್ನೇ ಬದಲಿಸಿದ ದೊಡ್ಡ ಅಪ್‌ಡೇಟ್ ಬಂದಾಗ ನಾನು ಆಟದೊಳಗಿನ ಕೊಲೋನಿಯಾ ಅನ್ನುವ ದೂರದ ನೆಲೆಯ ದಾರಿಯಲ್ಲಿದ್ದೆ. ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷದ ಪ್ರಯಾಣ ಅದು. ಹೊಸ ನಕ್ಷತ್ರಕ್ಕೆ ಜಿಗಿದೆ, ಹಾಂಕ್ ಹೊಡೆದೆ, ಮ್ಯಾಪ್ ತೆರೆದೆ. ಗ್ರಹಗಳೇ ಇಲ್ಲ!

ಹಾಂಕ್ ಅಂದರೆ ಸ್ಕ್ಯಾನರ್ ಬಟನ್ ಒತ್ತಿ ಹಿಡಿದಾಗ ಬರುವ ಹಾರ್ನ್ ಥರದ ಸದ್ದು. ಮೊದಲು ಅಡ್ವಾನ್ಸ್ಡ್ ಡಿಸ್ಕವರಿ ಸ್ಕ್ಯಾನರ್ ಇದ್ದರೆ ಒಂದೇ ಹಾಂಕ್‌ಗೆ ಎಲ್ಲ ಗ್ರಹ, ಚಂದ್ರಗಳು ಮ್ಯಾಪ್ ಮೇಲೆ ಬರುತ್ತಿದ್ದವು. ಆಮೇಲೆ ಒಂದೊಂದರ ಹತ್ತಿರಕ್ಕೂ ಹಾರಿ ಹೋಗಿ ಸ್ಕ್ಯಾನ್ ಮಾಡಬೇಕಿತ್ತು. ಈಗ ಹಾಂಕ್ ಹೊಡೆದರೆ ಎಷ್ಟಿವೆ ಅನ್ನುವ ಲೆಕ್ಕ ಸಿಗುತ್ತದೆ. ಉಳಿದದ್ದಕ್ಕೆ ವೇಗ ಇಳಿಸಿ ಎಫ್‌ಎಸ್‌ಎಸ್ (ಫುಲ್ ಸ್ಪೆಕ್ಟ್ರಮ್ ಸಿಸ್ಟಮ್ ಸ್ಕ್ಯಾನರ್) ಅನ್ನುವ ಹೊಸ ಸ್ಕ್ಯಾನರ್ ತೆರೆಯಬೇಕು. ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕಿದ ಹಾಗೆ ಕೆಳಗಿನ ಪಟ್ಟಿಯಲ್ಲಿ ಮುಳ್ಳು ಸರಿಸಿ, ಆಕಾಶದಲ್ಲಿ ಆ ಗುರುತು ಹುಡುಕಿ ಜೂಮ್ ಮಾಡಬೇಕು.

ಅವತ್ತು ರಾತ್ರಿಯೇ ಫೀಡ್‌ಬ್ಯಾಕ್ ಬರೆದೆ. ‘ಹಳೆಯದನ್ನೇ ವಾಪಸ್ ಕೊಡಿ’ ಅಂತ. ಕಳಿಸುವ ಮೊದಲು ಜೊತೆಗೆ ಆಡುವ ಗೆಳೆಯನಿಗೆ ಓದಿ ಹೇಳಿದೆ. “ಲೋ, ಎರಡು ಲಕ್ಷ ಲೈಟ್ ಸೆಕೆಂಡ್ ಹೋಗಿ ಒಂದು ಮಂಜಿನ ಉಂಡೆ ನೋಡ್ಕೊಂಡು ಬರೋದು ನಿಂಗೆ ಅಷ್ಟು ಇಷ್ಟ ಇತ್ತಾ?” ಅಂದ. ಇರಲಿಲ್ಲ. ಹಾಗಾದರೆ ನನಗೆ ಬೇಜಾರಾಗಿದ್ದು ಯಾವುದಕ್ಕೆ?

ಅದನ್ನು ತಿಳಿಯೋಣ ಅಂತ ಕೀಬೋರ್ಡ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಮುಂದಿನ 30 ನಕ್ಷತ್ರಗಳಲ್ಲಿ ಮೂರೇ ವಿಷಯ ಬರೆದುಕೊಂಡೆ: ಯಾಕೆ ನಿಂತೆ, ಎಷ್ಟು ಹೊತ್ತು ನಿಂತೆ, ಯಾಕೆ ಹೊರಟೆ.

ಹತ್ತನೆಯ ನಕ್ಷತ್ರದ ಹೊತ್ತಿಗೆ ಎಫ್‌ಎಸ್‌ಎಸ್‌ನ ಆ ಪಟ್ಟಿಯನ್ನು ಓದುವುದು ಕೈಗೆ ಹತ್ತಿತ್ತು. ಎಡ ತುದಿಯಲ್ಲಿ ಕ್ಷುದ್ರಗ್ರಹಗಳ ಗುಂಪು, ಬಲ ತುದಿಯಲ್ಲಿ ಅನಿಲ ದೈತ್ಯರು. ಭೂಮಿಯಂಥ ಗ್ರಹ, ನೀರಿನ ಗ್ರಹ ಎಲ್ಲಿ ಬರುತ್ತವೆ ಅಂತ ಗೊತ್ತಾದರೆ, ಇಲ್ಲಿ ನಿಲ್ಲಬೇಕೋ ಬೇಡವೋ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಸದ್ದುಗಳಂತೂ ನನಗೆ ತುಂಬಾ ಹಿಡಿಸಿದವು. ಒಂದೊಂದು ಬಗೆಯ ಗ್ರಹಕ್ಕೆ ಒಂದೊಂದು ದನಿ. ಜೂಮ್ ಆಗುವ ಮೊದಲೇ ಕಿವಿ ಗುರುತು ಹಿಡಿಯುತ್ತದೆ. ಇನ್ನು ಪ್ರೋಬ್ ಅನ್ನುವ ಪುಟ್ಟ ಶೋಧಕಗಳನ್ನು ಹಾರಿಸಿ ಗ್ರಹದ ಮೈ ಮ್ಯಾಪ್ ಮಾಡುವುದು ಮೊದಲ ದಿನವೇ ಇಷ್ಟವಾಗಿತ್ತು.

ಆದರೆ ‘ಯಾಕೆ ಹೊರಟೆ’ ಅನ್ನುವ ಕಡೆ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು: ‘ಯಾವುದರ ಪಕ್ಕ ಯಾವುದಿದೆ, ಗೊತ್ತಾಗಲಿಲ್ಲ.’ ನಾನು ದುಡ್ಡಿಗಾಗಿ ಸುತ್ತುವವನಲ್ಲ, ನೋಟಕ್ಕಾಗಿ ಸುತ್ತುವವನು. ಬಳೆ ತೊಟ್ಟ ಗ್ರಹಕ್ಕೆ ಅಂಟಿಕೊಂಡೇ ತಿರುಗುವ ಪುಟ್ಟ ಚಂದ್ರ, ಒಂದನ್ನೊಂದು ಸುತ್ತುವ ಎರಡು ದೈತ್ಯರು, ಇಂಥವು ನನಗೆ ಬೇಕು. ಹಳೇ ಮ್ಯಾಪ್‌ನಲ್ಲಿ ಯಾವ ಚಂದ್ರ ಯಾವ ಗ್ರಹದ್ದು ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಪಟ್ಟಿ ಹೇಳುವುದು ಬಗೆಯನ್ನು ಮಾತ್ರ, ನೆಂಟಸ್ತನವನ್ನಲ್ಲ. 60 ಗ್ರಹ, ಚಂದ್ರಗಳಿರುವ ಕಡೆ ಅದನ್ನು ತಿಳಿಯೋಕೆ ಅಷ್ಟನ್ನೂ ಒಂದೊಂದಾಗಿ ಜೂಮ್ ಮಾಡುತ್ತಾ ಕೂರಬೇಕು.

ಮೊದಲು ಬರೆದಿದ್ದನ್ನು ಅಳಿಸಿ ಇಷ್ಟು ಕಳಿಸಿದೆ: ‘ಎಫ್‌ಎಸ್‌ಎಸ್ ಚೆನ್ನಾಗಿದೆ, ತೆಗೆಯಬೇಡಿ. ಹಾಂಕ್ ಆದ ಮೇಲೆ ಮ್ಯಾಪ್‌ನಲ್ಲಿ ಬರೀ ಬೂದು ಉಂಡೆಗಳನ್ನು ತೋರಿಸಿ. ಹೆಸರು, ಬಗೆ, ಬಣ್ಣ ಏನೂ ಬೇಡ. ಯಾವುದು ಯಾವುದನ್ನು ಸುತ್ತುತ್ತದೆ ಅಂತ ಕಂಡರೆ ಸಾಕು. ಉಳಿದದ್ದನ್ನು ನಾನೇ ಹುಡುಕಿಕೊಳ್ಳುತ್ತೇನೆ.’