ಎಫ್‌ಎಂಆರ್‌ಐ ಪರೀಕ್ಷೆಗೆ ಸಿದ್ಧರಾಗುವ ಕ್ರಮ

ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮೊದಲು, ಮಾತಿಗೂ ಕೈಕಾಲುಗಳ ಚಲನೆಗೂ ಬೇಕಾದ ಭಾಗಗಳು ಎಲ್ಲಿವೆಯೆಂದು ತಿಳಿಯಲು ವೈದ್ಯರು ಎಫ್‌ಎಂಆರ್‌ಐ, ಅಂದರೆ ಮಿದುಳು ಕೆಲಸ ಮಾಡುತ್ತಿರುವಾಗಲೇ ತೆಗೆಯುವ ಎಂಆರ್‌ಐ ಸ್ಕ್ಯಾನ್, ಬರೆದುಕೊಡುವುದುಂಟು. ಈ ಯಂತ್ರ ಅಳೆಯುವುದು ನರಕೋಶಗಳ ವಿದ್ಯುತ್ತನ್ನಲ್ಲ, ಅವುಗಳ ಬಳಿಗೆ ಹರಿದುಬರುವ ರಕ್ತದಲ್ಲಾಗುವ ಬದಲಾವಣೆಯನ್ನು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಅದನ್ನು ಕಳೆದುಕೊಂಡಾಗ ಯಂತ್ರದ ಕಾಂತಕ್ಷೇತ್ರವನ್ನು ತುಸು ಕದಡುತ್ತದೆ. 1936ರಲ್ಲಿ ರಸಾಯನಶಾಸ್ತ್ರಜ್ಞರಾದ ಪಾಲಿಂಗ್ ಮತ್ತು ಕೊರಿಯೆಲ್ ಕಂಡುಕೊಂಡ ಈ ಗುಣವನ್ನೇ 1990ರಲ್ಲಿ ಜಪಾನಿನ ವಿಜ್ಞಾನಿ ಸೇಜಿ ಒಗಾವಾ ಮಿದುಳಿನ ಚಿತ್ರಣಕ್ಕೆ ಬಳಸಿಕೊಂಡರು. ದುಡಿಯುವ ಭಾಗಕ್ಕೆ ಅದು ಖರ್ಚು ಮಾಡುವುದಕ್ಕಿಂತ ಹೆಚ್ಚು ಆಮ್ಲಜನಕ ಬಂದು ಸೇರುವುದರಿಂದ ಆ ಕದಡುವಿಕೆ ತಗ್ಗಿ, ಯಂತ್ರಕ್ಕೆ ಸಿಗುವ ಸಂಕೇತ ಶೇಕಡಾ ಒಂದೆರಡರಷ್ಟು ಏರುತ್ತದೆ.

ಕರಿಮಣಿ, ಕಾಲುಂಗುರ, ಮೂಗುತಿಗಳನ್ನು ಮನೆಯಲ್ಲೇ ತೆಗೆದಿಡಿ; ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ಕ್ಲಿಪ್ ಇದ್ದರೆ ಮೊದಲೇ ತಿಳಿಸಿ. ಕಾಫಿ ಮಿದುಳಿನ ರಕ್ತದ ಹರಿವನ್ನು ಕುಗ್ಗಿಸುವುದರಿಂದ, ಬೆಳಿಗ್ಗೆ ಕುಡಿದಿದ್ದರೆ ಅದನ್ನೂ ಹೇಳಿ.

ನಮ್ಮ ಮಂಗಳೂರಿನವರು ಮರೆಯಬಾರದ ಮಾತೊಂದಿದೆ. ಮಾತಿನ ಪರೀಕ್ಷೆ ರೋಗಿಯ ಮನೆಮಾತಿನಲ್ಲೇ ನಡೆಯಬೇಕು. ಜೀವಮಾನವಿಡೀ ತುಳು, ಕೊಂಕಣಿ ಅಥವಾ ಬ್ಯಾರಿ ಆಡಿದ ಹಿರಿಯರಿಗೆ ಇಂಗ್ಲಿಷ್ ಪದಗಳನ್ನು ತೋರಿಸಿದರೆ ಅವರು ತಡವರಿಸುತ್ತಾರೆ, ಚಿತ್ರವೂ ನಂಬಲು ಬಾರದಂತಾಗುತ್ತದೆ. ಆದ್ದರಿಂದ ದಿನ ಗೊತ್ತುಮಾಡುವಾಗಲೇ ಸಂಕೋಚವಿಲ್ಲದೆ ಇದನ್ನು ಕೇಳಿಕೊಳ್ಳಿ. ಮೀನಿನ ಹೆಸರುಗಳನ್ನು ನೆನೆಯಲು ಹೇಳಿದರೆ ಬೂತಾಯಿ, ಬಂಗುಡೆ, ಕಾಣೆ, ಅಂಜಲ್ ಎಂದು ತುಟಿ ಅಲುಗಿಸದೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು.

ತುಟಿಯ ಬಗ್ಗೆ ಇಷ್ಟು ಎಚ್ಚರ ಏಕೆಂದರೆ, ಚಿತ್ರ ಪುಟ್ಟ ಪುಟ್ಟ ಘನಗಳಿಂದ (ಚೌಕಟ್ಟಾದ ತುಣುಕುಗಳಿಂದ) ಕೂಡಿದ್ದು, ಒಂದೊಂದು ಘನವೂ ಸುಮಾರು 3 ಮಿಲಿಮೀಟರ್ ಅಗಲದ್ದು. ತುಟಿಯೊಡನೆ ತಲೆ ಅಷ್ಟು ಸರಿದರೂ ಲೆಕ್ಕ ಕೆಡುತ್ತದೆ. ಕೈಚಲನೆಯ ಪರೀಕ್ಷೆಗಾಗಿ ಹಿಂದಿನ ದಿನ ಚಾಪೆಯ ಮೇಲೆ ಅಂಗಾತ ಮಲಗಿ, ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ತುದಿಗೆ ಒಂದೊಂದಾಗಿ ಮುಟ್ಟಿಸುತ್ತ 30 ಸೆಕೆಂಡು, ಬಳಿಕ ಸುಮ್ಮನೆ 30 ಸೆಕೆಂಡು, ಹೀಗೆ ಅಭ್ಯಾಸ ಮಾಡಿ. ರಕ್ತದ ಪ್ರತಿಕ್ರಿಯೆ ತುತ್ತತುದಿ ಮುಟ್ಟಲು 5–6 ಸೆಕೆಂಡು ಹಿಡಿಯುತ್ತದೆ, ಇಳಿಯಲು ಇನ್ನೂ ಹೆಚ್ಚು. ಸೂಚನೆ ಬಂದ ಕೂಡಲೇ ಆರಂಭಿಸಿ, ನಿಲ್ಲಿಸೆಂದಾಗ ನಿಲ್ಲಿಸಿದರೆ ಮಾತ್ರ ಈ ಏರಿಳಿತ ಸ್ಪಷ್ಟವಾಗಿ ಬೇರ್ಪಡುತ್ತದೆ.

ವರದಿಯಲ್ಲಿನ ಕೆಂಪು, ಹಳದಿ ಬಣ್ಣಗಳು ಸಂಖ್ಯಾಶಾಸ್ತ್ರದ ಲೆಕ್ಕದಿಂದ ಬಂದವು. ಲೆಕ್ಕದ ಮಿತಿಯನ್ನು ಬದಲಿಸಿದರೆ ಮಚ್ಚೆ ಹಿಗ್ಗುತ್ತದೆ, ಕುಗ್ಗುತ್ತದೆ. ಗಡ್ಡೆಯ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದಿದ್ದರೆ, ಕೆಲಸ ಮಾಡುತ್ತಿರುವ ಜಾಗಕ್ಕೂ ಬಣ್ಣ ಬಾರದೆ ಹೋಗಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಆ ಜಾಗಕ್ಕೆ ನೇರವಾಗಿ ವಿದ್ಯುತ್ ಪ್ರಚೋದನೆ ಕೊಟ್ಟು ಖಚಿತಪಡಿಸಿಕೊಳ್ಳುವರೇ ಎಂದು ವೈದ್ಯರನ್ನು ಕೇಳಿ.